ಹೆಳವರ ಪುಸ್ತಕದಲ್ಲಿ ಇಲ್ಲದವರು

12 ಜನವರಿ 2025, ಭಾನುವಾರ, ದಾವಣಗೆರೆ

ಗುರುವಾರ ಬಿಡುಗಡೆಯಾದ ಜೀನೋಮ್ ಇಂಡಿಯಾ ಮಾಹಿತಿಯ ಸುದ್ದಿಯನ್ನು ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಂಡೆ. ಸುಮಾರು ಹತ್ತು ಸಾವಿರ ಭಾರತೀಯರ ಜೀನೋಮನ್ನು ಪೂರ್ತಿ ಓದಿದ್ದಾರಂತೆ. 83 ಸಮುದಾಯಗಳ ಜನ, 20 ಸಂಸ್ಥೆಗಳ ಕೆಲಸ, ಮುಂದಾಳತ್ವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ್ದು. ಹತ್ತನೇ ಕ್ಲಾಸಿನ ಮಕ್ಕಳಿಗೆ ಮೆಂಡೆಲನ ಬಟಾಣಿ ಹೇಳಿಕೊಡುವವಳಿಗೆ ಇಂಥ ಸುದ್ದಿ ಹಬ್ಬದೂಟ. ಆದರೆ ಓದುತ್ತಿದ್ದಾಗ ಕಿವಿಯೆಲ್ಲ ಒಳಕೋಣೆಯ ಕಡೆಗಿತ್ತು.

ಪುಟ್ಟಿಗೆ ಇವತ್ತು ಎರಡನೇ ದಿನ. ಬಿಸಿನೀರಿನ ಚೀಲ ಒತ್ತಿಕೊಂಡು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅಕ್ಕನ ಮಗಳು, ಹತ್ತೊಂಬತ್ತು ತುಂಬಿದೆ, ಎಂಜಿನಿಯರಿಂಗ್ ಓದಲಿಕ್ಕೆ ನಮ್ಮನೆಯಲ್ಲೇ ಇದ್ದಾಳೆ. ಮುಟ್ಟಿನ ದಿನಗಳಲ್ಲಷ್ಟೇ ಆಗಿದ್ದರೆ ‘ಎಲ್ಲರಿಗೂ ಬರೋದೇ’ ಎಂದು ಮನೆಯವರು ಕೈತೊಳೆದುಕೊಳ್ಳುತ್ತಿದ್ದರು, ಇಷ್ಟು ದಿನ ತೊಳೆದುಕೊಂಡೂ ಇದ್ದಾರೆ. ಈಗ ವರ್ಷದಿಂದ ತಿಂಗಳ ನಡುವೆಯೂ ಕಿಬ್ಬೊಟ್ಟೆ ಹಿಂಡುತ್ತದೆ, ಸೊಂಟಕ್ಕಿಳಿಯುತ್ತದೆ, ತೊಡೆವರೆಗೆ ಸೆಳೆಯುತ್ತದೆ. ಬಸ್ಸು ಗುಂಡಿಗೆ ಇಳಿದರೆ ಸೀಟಿನ ಕಂಬಿ ಹಿಡಿದು ಕಣ್ಣು ಮುಚ್ಚುತ್ತಾಳೆ. ಆರು ತಿಂಗಳು ದಾಟಿದ ಕಿಬ್ಬೊಟ್ಟೆ ನೋವನ್ನು ವೈದ್ಯರು ದೀರ್ಘಕಾಲದ ನೋವೆಂದು ಬೇರೆಯೇ ಎಣಿಸುತ್ತಾರೆ.

ಅವಳ ವಯಸ್ಸಿಗೆ ನಾನೂ ಹೀಗೇ ಮಲಗುತ್ತಿದ್ದೆ. ಅವ್ವನೂ ಮಲಗುತ್ತಿದ್ದಳು ಅನ್ನಲಾರೆ, ಅವಳಿಗೆ ಮಲಗಲು ಬಿಡುವಿರಲಿಲ್ಲ. ‘ನಮ್ಮನಿ ಹೆಣ್ಮಕ್ಕಳ ಹೊಟ್ಟೇನೇ ಹಂಗೆ’ ಎಂಬ ಮಾತು ಕೇಳಿಕೊಂಡೇ ಬೆಳೆದೆ. ಹಾಗಿದ್ದರೆ ಎಲ್ಲಿಂದ ಹಂಗೆ? ಯಾರಿಂದ ಹಂಗೆ?

18 ಜನವರಿ, ಶನಿವಾರ

ಸಂಜೆ ಪುಟ್ಟಿಯನ್ನು ಸ್ತ್ರೀರೋಗ ತಜ್ಞರಲ್ಲಿಗೆ ಕರೆದೊಯ್ದೆ. ಅಕ್ಕನೂ ಹರಿಹರದಿಂದ ಬಂದಿದ್ದಳು. ಡಾಕ್ಟರಮ್ಮ ಅವಸರ ಮಾಡಲಿಲ್ಲ. ಮೂತ್ರಕ್ಕೆ ಹೋದಾಗ ಉರಿಯುತ್ತದಾ, ಮಲವಿಸರ್ಜನೆಗೆ ಹೋದಾಗ ನೋವಾ, ಯಾವ ದಿನ ಜಾಸ್ತಿ, ಮನೆಯಲ್ಲಿ ಯಾರಿಗಾದರೂ ಟಿಬಿ ಆಗಿತ್ತಾ, ಎಲ್ಲ ಕೇಳಿದರು. ನಮ್ಮ ದೇಶದಲ್ಲಿ ಗರ್ಭಾಂಗಗಳ ಕ್ಷಯವೂ ಇಂಥ ನೋವಿಗೆ ಒಂದು ಕಾರಣವಂತೆ. ಕರುಳಿನ ತೊಂದರೆ, ಮೂತ್ರಕೋಶದ ನೋವು, ಬಿಗಿದುಕೊಂಡ ಸ್ನಾಯು, ಹಳೆಯ ಸೋಂಕು, ಏನೂ ಇರಬಹುದು. ಆದರೆ ಅವರ ಮೊದಲ ಅನುಮಾನ ಎಂಡೋಮೆಟ್ರಿಯೋಸಿಸ್ ಮೇಲೆ. ಗರ್ಭಕೋಶದ ಒಳಪದರದಂಥದೇ ಅಂಗಾಂಶ ಹೊರಗೆ, ಅಂಡಾಶಯದ ಮೇಲೋ ಕರುಳಿನ ಮಗ್ಗುಲಲ್ಲೋ ಬೇರೂರಿ, ಹಾರ್ಮೋನಿನ ತಾಳಕ್ಕೆ ಉರಿದು ಊದಿಕೊಳ್ಳುತ್ತದೆ. ಸುತ್ತಲಿನ ನರಗಳು ಆ ನೋವನ್ನು ಕಲಿತುಬಿಡುತ್ತವೆ. ಹತ್ತು ಹೆಂಗಸರಲ್ಲಿ ಒಬ್ಬರಿಗೆ ಇದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಪುಟ್ಟಿಯ ಸ್ಕ್ಯಾನಿಂಗಿನಲ್ಲಿ ಏನೂ ಕಾಣಲಿಲ್ಲ. ಕಾಣದಿದ್ದ ಮಾತ್ರಕ್ಕೆ ಇಲ್ಲವೆಂದಲ್ಲ, ತೆಳ್ಳಗೆ ಹರಡಿದ್ದರೆ ಸ್ಕ್ಯಾನಿಗೆ ಸಿಗುವುದೇ ಇಲ್ಲ ಎಂದರು.

ಕೊನೆಗೆ ಕೇಳಿದರು: ‘ತಾಯಿ, ಅಜ್ಜಿ, ಚಿಕ್ಕಮ್ಮ, ಯಾರಿಗಾದರೂ ಹೀಗೆ ಇತ್ತಾ?’

ಅಕ್ಕ ತಟ್ಟನೆ, ‘ಇಲ್ರೀ ಮೇಡಮ್, ನಮ್ಮಲ್ಲಿ ಯಾರಿಗೂ ಇಲ್ಲ.’

ನಾನು ಪಕ್ಕದಲ್ಲೇ ಕೂತಿದ್ದೆ! ಹೊರಗೆ ಬಂದು ಕೇಳಿದರೆ, ‘ನಿನಗೇನವಾ, ಮದುವಿ ಆಗಿ ಮಗ ಹೈಸ್ಕೂಲಿಗೆ ಬಂದಾನೆ. ಇದು ವಂಶದಾಗೇ ಐತಿ ಅಂತ ಚೀಟಿ ಮ್ಯಾಲೆ ಬರದ್ರೆ ನಾಳೆ ಗಂಡಿನೋರಿಗೆ ಏನಂತ ಹೇಳ್ಲಿ?’ ಅಂದಳು. ರಾಮ್ ಆಂಡ್ ಕೋ ಸರ್ಕಲ್‌ವರೆಗೂ ಮೂವರೂ ಮಾತಾಡಲಿಲ್ಲ. ಪುಟ್ಟಿ ಮಂಡಕ್ಕಿ ಮಿರ್ಚಿ ತಿನ್ನೋಣ ಅಂದಳು. ತಿಂದೆವು.

26 ಜನವರಿ, ಭಾನುವಾರ, ಹರಿಹರ

ಶಾಲೆಯಲ್ಲಿ ಧ್ವಜಾರೋಹಣ ಮುಗಿಸಿ ಅವ್ವನ ಹತ್ತಿರ ಹೋದೆ. ಅಪ್ಪ ಪಡಸಾಲೆಯಲ್ಲಿ ಟಿವಿ ಪರೇಡು ನೋಡುತ್ತಿದ್ದರು. ಅವ್ವನನ್ನು ಹಿತ್ತಲಿಗೆ ಕರೆದೊಯ್ದು ಕೇಳಿದೆ. ಈ ಮಾತನ್ನು ನಾವಿಬ್ಬರೂ ಇದುವರೆಗೆ ನೇರವಾಗಿ ಆಡಿದ್ದೇ ಇಲ್ಲ.

ಗರ್ಭಚೀಲ ತೆಗೆಸಿದ್ದು 1991ರಲ್ಲಿ, ಅವಳಿಗೆ ಮೂವತ್ತಾರು. ಯಾಕೆ ತೆಗೆದರು? ‘ಚೀಲ ಕೆಟ್ಟೈತಿ ಅಂದ್ರು. ಮುಂದೆ ಕ್ಯಾನ್ಸರ್ ಆಗತೈತಿ ಅಂದ್ರು.’ ತೆಗೆದ ಚೀಲವನ್ನು ಪರೀಕ್ಷೆಗೆ ಕಳಿಸಿದ್ದರಾ, ರಿಪೋರ್ಟ್ ಇದೆಯಾ? ನಕ್ಕಳು. ‘ಬಟ್ಟಲಾಗ ಇಟ್ಟು ನಿಮ್ಮಪ್ಪಗೆ ತೋರಿಸಿದ್ರಂತೆ. ಅಷ್ಟೇ ರಿಪೋರ್ಟು.’ ಆಮೇಲೂ ನೋವು ಪೂರ್ತಿ ಹೋಗಲಿಲ್ಲ ಎಂದು ಇವತ್ತು ಮೊದಲ ಸಲ ಹೇಳಿದಳು. ಗರ್ಭಕೋಶ ಹೋದರೂ ಹೊರಗೆ ಬೇರೂರಿದ್ದು ಉಳಿದಿದ್ದರೆ ನೋವೂ ಉಳಿಯಬಹುದು. ಅಥವಾ ಅವಳದು ಬೇರೆಯೇ ಕಾಯಿಲೆ ಇದ್ದಿರಬಹುದು. ಆ ಬಟ್ಟಲಿನ ಜೊತೆಗೇ ಉತ್ತರವೂ ಹೋಯಿತು.

ಇದು ಅವ್ವನೊಬ್ಬಳ ಕತೆಯಲ್ಲ. ಕಲಬುರಗಿ ಕಡೆಯ ತಾಂಡಾಗಳಲ್ಲಿ ಮೂವತ್ತರ ಆಸುಪಾಸಿನ ಹೆಂಗಸರ ಗರ್ಭಕೋಶಗಳನ್ನು ಸಾಲುಸಾಲಾಗಿ ತೆಗೆದದ್ದು 2015ರಲ್ಲಿ ಬೀದಿಗೆ ಬಂತು. 2023ರಲ್ಲಿ ಸುಪ್ರೀಂ ಕೋರ್ಟು ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಹೇಳಿತು. ನಾನು ನೋಡುವುದು ಇನ್ನೊಂದು ಕಡೆಯಿಂದ. ಅಷ್ಟು ಚೀಲಗಳು ಹೋದಾಗ ಅಷ್ಟು ಮನೆತನಗಳ ನೋವಿನ ದಾಖಲೆಯೂ ಕಸದ ಬುಟ್ಟಿಗೆ ಹೋಯಿತು.

ಅವ್ವ ಒಳಗೆ ಹೋಗುವ ಮೊದಲು ಹೇಳಿದ್ದು: ‘ನಿಮ್ಮಜ್ಜಿ ಸಾಯೋತನಕ ಅಂತಿದ್ಲು, ಇದು ನಿನ್ನ ತವರಿನ ಮೈ, ನನ್ನ ಮೊಮ್ಮಕ್ಕಳಿಗೆ ತಂದಿಟ್ಟಿ ಅಂತ.’

9 ಫೆಬ್ರುವರಿ, ಭಾನುವಾರ

ಎರಡು ವಾರದಿಂದ ರಾತ್ರಿ ಅಡುಗೆಮನೆ ಮುಗಿದ ಮೇಲೆ ಓದುವುದೇ ಕೆಲಸ. ಎಂಡೋಮೆಟ್ರಿಯೋಸಿಸ್ ಮನೆತನದಲ್ಲಿ ಹರಿಯುವ ಕಾಯಿಲೆ ಎಂಬ ಅನುಮಾನ ಹಳೆಯದು. 1980ರಲ್ಲಿ ಅಮೆರಿಕದ ಜೋ ಲೀ ಸಿಂಪ್ಸನ್ ಅದನ್ನು ಲೆಕ್ಕಕ್ಕೆ ತಂದ. ಕಾಯಿಲೆಯಿದ್ದ ಹೆಂಗಸರ ಅಕ್ಕತಂಗಿಯರಲ್ಲಿ ನೂರಕ್ಕೆ ಸುಮಾರು 6, ತಾಯಂದಿರಲ್ಲಿ ಸುಮಾರು 8 ಜನಕ್ಕೆ ಇದೇ ಕಾಯಿಲೆ. ಅವರ ಗಂಡಂದಿರ ಕಡೆಯ ಹೆಂಗಸರಲ್ಲಿ ಒಬ್ಬರಿಗೆ ಮಾತ್ರ. ಹೋಲಿಸಲು ಗಂಡನ ಕಡೆಯವರನ್ನು ಆರಿಸಿಕೊಂಡದ್ದು ಜಾಣತನ. ಸೋದರಿಕೆ ಮದುವೆಗಳ ನಮ್ಮ ಕಡೆ ಬಂದಿದ್ದರೆ ಗಂಡನ ಕಡೆ, ಹೆಂಡತಿ ಕಡೆ ಬೇರೆ ಮಾಡಲಾಗದೆ ತಲೆ ಕೆರೆದುಕೊಳ್ಳುತ್ತಿದ್ದ.

1999ರಲ್ಲಿ ಆಸ್ಟ್ರೇಲಿಯಾದಲ್ಲಿ 3,096 ಅವಳಿ ಹೆಂಗಸರನ್ನು ಕೇಳಿ ನೋಡಿದರು. ಯಾರಿಗೆ ಬರುತ್ತದೆ, ಯಾರಿಗಿಲ್ಲ ಎಂಬ ವ್ಯತ್ಯಾಸದಲ್ಲಿ ಅರ್ಧದಷ್ಟು ಹುಟ್ಟಿನಿಂದ ಬಂದದ್ದು, ಅಂದರೆ 51 ಪ್ರತಿಶತ. ಮಿಕ್ಕ ಅರ್ಧ ಬದುಕಿನದು. ‘ಹಣೆಬರಹ’ ಅನ್ನುವವರಿಗೂ ‘ಎಲ್ಲ ಮನಸ್ಸಿನ ಭ್ರಮೆ’ ಅನ್ನುವವರಿಗೂ ಈ ಅಂಕಿ ಸಾಕು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಐಸ್‌ಲ್ಯಾಂಡಿನವರ 2002ರ ಅಧ್ಯಯನ. ಆ ದೇಶದ ಜನಸಂಖ್ಯೆ ನಮ್ಮ ದಾವಣಗೆರೆ ಪಟ್ಟಣದಷ್ಟೂ ಇಲ್ಲ. 2011ರ ಜನಗಣತಿಯಲ್ಲೇ ನಾವು 4 ಲಕ್ಷ 34 ಸಾವಿರ, ಅವರು ಇವತ್ತಿಗೂ 4 ಲಕ್ಷ ತುಂಬಿಲ್ಲ. ಆದರೆ ಇಡೀ ದೇಶದ ವಂಶಾವಳಿ, ಶತಮಾನಗಳಷ್ಟು ಹಿಂದಿನವರೆಗೆ, ಗಂಡು ಹೆಣ್ಣು ಇಬ್ಬರದೂ, ಅವರಲ್ಲಿ ಬರೆದಿಟ್ಟಿದೆ. ಎಂಡೋಮೆಟ್ರಿಯೋಸಿಸ್ ಇದ್ದ 750 ಹೆಂಗಸರನ್ನು ಆ ಮರದ ಮೇಲೆ ಕೂರಿಸಿ ನೋಡಿದರು. ಅಕ್ಕತಂಗಿಯರಲ್ಲಿ ಅಪಾಯ ಐದು ಪಟ್ಟು, ಚಿಕ್ಕಪ್ಪ ದೊಡ್ಡಪ್ಪ ಸೋದರಮಾವಂದಿರ ಮಕ್ಕಳಲ್ಲೂ ಒಂದೂವರೆ ಪಟ್ಟು. ದೂರದ ನೆಂಟರಲ್ಲೂ ಕಾಣುತ್ತದೆಂದರೆ ಒಂದೇ ಮನೆಯ ಊಟ, ಒಂದೇ ಬಾವಿಯ ನೀರು ಅಷ್ಟೇ ಕಾರಣವಲ್ಲ.

ಇನ್ನೊಂದು ಮಾತು ಮೇಷ್ಟರ ಬುದ್ಧಿಗೆ ಸುಲಭ, ಮನೆಯವರ ಬುದ್ಧಿಗೆ ಕಷ್ಟ. ಹೆಂಗಸರಿಗಷ್ಟೇ ಬರುವ ನೋವಾದರೂ ಅದರ ಜೀನಿನ ಅಕ್ಷರಗಳು ಲಿಂಗದ ವರ್ಣತಂತುವಿನಲ್ಲಿಲ್ಲ, ಬೇರೆ ಜೋಡಿಗಳಲ್ಲಿ ಹರಡಿಕೊಂಡಿವೆ. ಆದ್ದರಿಂದ ಗಂಡಸರೂ ಹೊತ್ತು ದಾಟಿಸುತ್ತಾರೆ. ಅವರಿಗೆ ಒಂದು ದಿನವೂ ನೋಯುವುದಿಲ್ಲ, ಅಷ್ಟೇ.

16 ಫೆಬ್ರುವರಿ, ಭಾನುವಾರ, ಮಲೇಬೆನ್ನೂರು ಹತ್ತಿರದ ನಮ್ಮೂರು

ಮನೆತನಗಳ ವಂಶಾವಳಿ ಬರೆದಿಟ್ಟು ಓದುವ ಹೆಳವರು ಬಂದಿದ್ದಾರೆಂದು ದೊಡ್ಡಪ್ಪನ ಮಗ ಫೋನ್ ಮಾಡಿದ್ದ. ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಭದ್ರಾ ನಾಲೆಯ ಎರಡೂ ಕಡೆ ಬೇಸಿಗೆ ಭತ್ತದ ನಾಟಿ ಹಸಿರಾಗಿತ್ತು. ಚಿಕ್ಕಂದಿನಲ್ಲಿ ಹೆಳವರು ಎತ್ತಿನ ಮೇಲೆ ಕೂತು, ಗಂಟೆ ಅಲ್ಲಾಡಿಸುತ್ತ ಬರುತ್ತಿದ್ದರು. ಈಗ ಅಜ್ಜ ಮಗನ ಬೈಕಿನ ಹಿಂದೆ ಕೂತು ಬಂದಿದ್ದ. ಪುಸ್ತಕ ಮಾತ್ರ ಅದೇ ಕೆಂಪು ಬಟ್ಟೆಯಲ್ಲಿ.

ಕಟ್ಟೆಯ ಮೇಲೆ ಕೂತು ಹಾಡಿನ ಧಾಟಿಯಲ್ಲಿ ಓದಿದ. ಮೂಲಪುರುಷ ಯಾವ ಬರಗಾಲದಲ್ಲಿ ಎಲ್ಲಿಂದ ಬಂದ, ಅವನಿಗೆ ಎಷ್ಟು ಜನ ಮಕ್ಕಳು, ಯಾರು ಹೊಲ ಹಂಚಿಕೊಂಡರು, ಯಾರು ನಿರ್ವಂಶವಾದರು. ಅಪ್ಪನ ಹೆಸರು ಬಂದಾಗ ಅಪ್ಪ ಎದೆ ನೆಟ್ಟಗೆ ಮಾಡಿ ಕೂತರು. ನನ್ನ ಹೆಸರೂ ಅಕ್ಕನ ಹೆಸರೂ ಬರಲಿಲ್ಲ. ಅವ್ವ ‘ತಂದ ಹೆಣ್ಣು’, ಅಜ್ಜಿಯೂ ‘ತಂದ ಹೆಣ್ಣು’, ಇಬ್ಬರ ಮುಂದೆಯೂ ಊರಿನ ಹೆಸರಿದೆ, ಇಬ್ಬರದೂ ಒಂದೇ ಊರು. ನನಗೆ ಹೊಸದಲ್ಲ. ಅಜ್ಜಿ ತನ್ನ ತಮ್ಮನ ಮಗಳನ್ನೇ ಸೊಸೆಯಾಗಿ ತಂದುಕೊಂಡವಳು. ಆದರೆ ಕಾಗದದ ಮೇಲೆ ಕಂಡಾಗ ಹೊಳೆದದ್ದು ಬೇರೆ. ‘ನಿನ್ನ ತವರಿನ ಮೈ’ ಎಂದು ಅವ್ವನನ್ನು ಚುಚ್ಚುತ್ತಿದ್ದ ಅಜ್ಜಿಗೂ ಅದೇ ತವರು!

‘ಅಜ್ಜಾ, ಈ ಮನೆ ಹೆಣ್ಣುಮಕ್ಕಳ ಬಗ್ಗೆ ಏನಾದರೂ ಬರದೈತಾ?’ ಎಂದೆ.

‘ಕೊಟ್ಟ ಊರು ಬರದಿರ್ತೀವಿ ತಾಯಿ. ನಿಮ್ಮಪ್ಪಗೆ ಒಬ್ಬ ಅಕ್ಕ. ರಟ್ಟಿಹಳ್ಳಿ ಕಡೆ ಕೊಟ್ಟಿದ್ದು. ಸಂತಾನ ಇಲ್ಲ.’

ಸೋದರತ್ತೆ! ನಾನು ಹುಟ್ಟುವ ಮೊದಲೇ ತೀರಿಕೊಂಡವಳು. ಮನೆಯಲ್ಲಿ ಅವಳ ಫೋಟೋ ಇಲ್ಲ. ಅಪ್ಪನ ಕಡೆ ನೋಡಿದೆ. ಅವರು ನಾಲೆಯ ಕಡೆ ನೋಡುತ್ತಿದ್ದರು.

ಹೆಳವಜ್ಜನಿಗೆ ಒಂದು ಚೀಲ ಭತ್ತ, ಬಟ್ಟೆ, ದುಡ್ಡು ಕೊಟ್ಟರು. ಹೆಣ್ಣುಮಕ್ಕಳ ಹೆಸರೂ ಸೇರಿಸು ಎಂದು ನನ್ನ ಲೆಕ್ಕದಲ್ಲಿ ಇನ್ನಷ್ಟು ಕೊಟ್ಟೆ. ಅಜ್ಜ ಬೇಸರವಿಲ್ಲದೆ ಬರೆದುಕೊಂಡ. ಮಗ ಕೇಳಿದ, ‘ಅಕ್ಕಾರೆ, ಮೊಬೈಲ್ ನಂಬರೂ ಹಾಕ್ಲೇನ್ರಿ?’

8 ಮಾರ್ಚ್, ಶನಿವಾರ

ಮಹಿಳಾ ದಿನ. ಶಾಲೆಯಲ್ಲಿ ರಂಗೋಲಿ ಸ್ಪರ್ಧೆ, ಭಾಷಣ, ಹೂವು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಹೊಟ್ಟೆನೋವೆಂದು ಬೆಂಚಿನ ಮೇಲೆ ಮಲಗಿದ್ದಳು. ಮಾತ್ರೆ ಕೊಟ್ಟು, ತಾಯಿಗೆ ಫೋನ್ ಮಾಡಿದೆ. ‘ಪ್ರತಿ ತಿಂಗಳೂ ನಾಟಕ ಮೇಡಮ್’ ಅಂದರು.

ರಾತ್ರಿ 2023ರ ದೊಡ್ಡ ಅಧ್ಯಯನ ಓದಿದೆ. ನೇಚರ್ ಜೆನೆಟಿಕ್ಸ್ ಪತ್ರಿಕೆಯಲ್ಲಿ ಬಂದದ್ದು. ಆಕ್ಸ್‌ಫರ್ಡಿನ ಕ್ರಿನಾ ಝೊಂಡರ್ವಾನ್ ಮುಂದಾಳು. ಕಾಯಿಲೆಯಿರುವ 60,674 ಹೆಂಗಸರನ್ನು, ಇಲ್ಲದ 7 ಲಕ್ಷ ಜನರ ಜೊತೆ ಹೋಲಿಸಿದ್ದಾರೆ. ಜೀನೋಮಿನ 42 ಜಾಗಗಳಲ್ಲಿ ವ್ಯತ್ಯಾಸ ಸಿಕ್ಕಿದೆ. 2010ರಲ್ಲಿ ಜಪಾನಿನವರು ಒಂಬತ್ತನೇ ವರ್ಣತಂತುವಿನ ಮೇಲೆ ಒಂದು ಜಾಗ ಗುರುತಿಸಿದಾಗ ಇನ್ನೇನು ಕೈಗೆ ಸಿಕ್ಕಿತು ಅಂದುಕೊಂಡಿರಬೇಕು. ಈಗ 42 ಸಿಕ್ಕರೂ, ಎಲ್ಲ ಕೂಡಿಸಿದರೆ ಕಾಯಿಲೆಯ ವ್ಯತ್ಯಾಸದಲ್ಲಿ 5 ಪ್ರತಿಶತ ವಿವರಿಸಿದಂತಾಯಿತು. ಒಂದು ಜೀನು, ಒಂದು ಕಾಯಿಲೆ ಎಂದು ನಾವು ಬೋರ್ಡಿನ ಮೇಲೆ ಬರೆಯುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹಳ್ಳಿಯ ಜಾತ್ರೆಯ ವಂತಿಗೆಯ ಹಾಗೆ, ನೂರಾರು ಮನೆಗಳಿಂದ ಹತ್ತಿಪ್ಪತ್ತು ರೂಪಾಯಿ ಬಂದು ತೇರು ಎಳೆಯುತ್ತದೆ. ಯಾರು ಕೊಟ್ಟದ್ದರಿಂದ ತೇರು ಹೊರಟಿತು ಎಂದು ಕೇಳಿದರೆ ಉತ್ತರವಿಲ್ಲ.

ಅಲ್ಲಿ ನನ್ನನ್ನು ಬೆಚ್ಚಿಸಿದ್ದು ಇನ್ನೊಂದು ಸಂಗತಿ. ಈ ಅಕ್ಷರಗಳಲ್ಲಿ ಹಲವು ಅರೆತಲೆನೋವು, ಬೆನ್ನುನೋವು, ಮೈಯ ಹಲವು ಕಡೆಯ ದೀರ್ಘಕಾಲದ ನೋವು, ಇವುಗಳಲ್ಲೂ ಸಿಗುತ್ತವೆ. ಅಂದರೆ ವಂಶದಲ್ಲಿ ಇಳಿದು ಬರುವುದು ಗಡ್ಡೆಯಷ್ಟೇ ಅಲ್ಲ, ನರಗಳು ನೋವನ್ನು ಹಿಡಿದಿಟ್ಟುಕೊಳ್ಳುವ ಬಗೆಯೂ ಇರಬಹುದು. ಅವ್ವ ತಲೆಗೆ ಬಟ್ಟೆ ಬಿಗಿದು ಕತ್ತಲೆ ಕೋಣೆಯಲ್ಲಿ ಕೂರುತ್ತಿದ್ದ ಮಧ್ಯಾಹ್ನಗಳು ನೆನಪಾದವು. ನನಗೂ ಅದೇ ಇದೆ. ಪುಟ್ಟಿಗೂ ಶುರುವಾಗಿದೆ.

ಆ 60 ಸಾವಿರ ಹೆಂಗಸರು ಯುರೋಪ್ ಮೂಲದವರು ಮತ್ತು ಪೂರ್ವ ಏಷ್ಯಾದವರು. ನಮ್ಮವರು ಇಲ್ಲ. ಹೆಳವರ ಪುಸ್ತಕವೊಂದನ್ನೇ ಯಾಕೆ ಬೈಯಬೇಕು!

13 ಏಪ್ರಿಲ್, ಭಾನುವಾರ, ಹರಿಹರ

ಅಪ್ಪ ಮಾತಾಡಿದರು. ನಾನು ಕೇಳಿದ್ದಲ್ಲ, ಅವರೇ ಶುರು ಮಾಡಿದ್ದು. ಬೆಳಿಗ್ಗೆ ಹರಿಹರೇಶ್ವರನ ಗುಡಿಗೆ ಹೋಗಿ ಬಂದು, ಚಪ್ಪಲಿ ಬಿಡುತ್ತಾ, ‘ನಮ್ಮಕ್ಕ ಹೊಟ್ಟೆನೋವಿಗೇ ಹೋಗಿದ್ದು’ ಅಂದರು.

ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತಿನ ಮುಂದೆ ಜೀವ ತೇದ ಮನುಷ್ಯ, ನೂಲಿನೆಳೆ ತಪ್ಪಿದರೂ ಗೊತ್ತಾಗುವ ಕಣ್ಣು. ತಮ್ಮ ಅಕ್ಕನ ವಿಷಯದಲ್ಲೂ ಅಷ್ಟೇ ಕರಾರುವಾಕ್ಕಾಗಿ ನೆನಪಿಟ್ಟಿದ್ದರು. ಮದುವೆಯಾಗಿ ನಾಲ್ಕು ವರ್ಷ ಮಕ್ಕಳಾಗಲಿಲ್ಲ. ಮುಟ್ಟಾದಾಗ ಹಿತ್ತಲಲ್ಲಿ ಮಂಡಿ ಎದೆಗೆ ಒತ್ತಿ ಕೂರುತ್ತಿದ್ದಳು. ಗಂಡನ ಮನೆಯವರು ‘ಹೊಟ್ಟೆಯಲ್ಲಿ ಮಾಟ’ ಎಂದು ಬರೆ ಹಾಕಿಸಿದರು. ತವರಿಗೆ ಕಳಿಸಿದರು. ಒಂದು ಬೇಸಿಗೆಯಲ್ಲಿ ಹೊಟ್ಟೆ ಊದಿಕೊಂಡು, ಜ್ವರ ಬಂದು, ಚಿಗಟೇರಿ ಆಸ್ಪತ್ರೆಗೆ ಗಾಡಿ ಕಟ್ಟುವ ಹೊತ್ತಿಗೆ ತೀರಿಕೊಂಡಳು. ಅಪ್ಪನಿಗೆ ಆಗ ಹದಿನಾಲ್ಕು.

ಏನಾಗಿತ್ತು ಅವಳಿಗೆ? ಎಂಡೋಮೆಟ್ರಿಯೋಸಿಸ್‌ನಿಂದ ಅಂಡಾಶಯದಲ್ಲಾಗುವ ಚಾಕೊಲೇಟ್ ಸಿಸ್ಟ್ ಒಡೆದಿರಬಹುದು, ಅಪೆಂಡಿಕ್ಸ್ ಇರಬಹುದು, ಟಿಬಿ ಇರಬಹುದು. ನಾನು ಬಿಡಿಸುತ್ತಿರುವ ವಂಶವೃಕ್ಷದಲ್ಲಿ ಅವಳ ಗುಂಡು ಬರೆದು ಒಳಗೆ ಪ್ರಶ್ನಾರ್ಥಕ ಹಾಕಿದೆ. ಕಾಯಿಲೆಯಿತ್ತೆಂದು ಕಪ್ಪು ತುಂಬಲು ಮನಸ್ಸಿತ್ತು, ಕೈ ಬರಲಿಲ್ಲ. ಬೇಕಾದ ಉತ್ತರಕ್ಕೆ ಸತ್ತವರನ್ನು ಸಾಕ್ಷಿ ಕರೆಯುವುದು ಸುಲಭ.

ಅಪ್ಪ ಕೇಳಿದರು: ‘ಹಂಗಾದ್ರೆ ನನ್ನ ಕಡೆಯಿಂದ್ಲೂ ಬಂದಿರಬಹುದಾ?’ ಬಂದಿರಬಹುದು ಅಪ್ಪಾಜಿ, ಎರಡೂ ಕಡೆಯಿಂದ, ಅಥವಾ ಎರಡೂ ಕಡೆಗೆ ಬೇರಾದ ಆ ಒಂದೇ ಮನೆಯಿಂದ ಎಂದೆ. ಅವ್ವ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ‘ಅತ್ತಿ ಇದ್ದಿದ್ರೆ ಈಗ ಕೇಳ್ತಿದ್ದೆ’ ಅಂದಳು. ದನಿಯಲ್ಲಿ ಸಿಟ್ಟೋ ಗೆಲುವೋ, ಎರಡೂ ಇದ್ದಂತಿತ್ತು.

18 ಮೇ, ಭಾನುವಾರ

ಅಕ್ಕನ ಜೊತೆ ಜಗಳ. ‘ಊರೂರು ತಿರುಗಿ ಡಂಗುರ ಹೊಡೀತಿದಿ’ ಅಂದಳು. ಅವಳ ವಾದವೇನೆಂದರೆ ಇದು ರಕ್ತದ್ದಲ್ಲ, ನೀರಿನದು. ಹೊಳೆಯಾಚೆ ಕಾರ್ಖಾನೆ ಬಂದ ಮೇಲೆ ತುಂಗಭದ್ರೆಯ ನೀರು ಕುಡಿದವರಿಗೆಲ್ಲ ಇದೇ ಗತಿ ಎನ್ನುತ್ತಾಳೆ. ಹೊಳೆಯ ಮೀನು ಸತ್ತು ತೇಲಿದ ಕತೆಗಳನ್ನು ನಾವೂ ಕೇಳಿ ಬೆಳೆದವರೇ, ತಳ್ಳಿಹಾಕುವಂತಿಲ್ಲ. 1993ರಲ್ಲಿ ಅಮೆರಿಕದಲ್ಲಿ ಡಯಾಕ್ಸಿನ್ ತಿನ್ನಿಸಿದ್ದ ಕೋತಿಗಳಲ್ಲಿ ಎಂಡೋಮೆಟ್ರಿಯೋಸಿಸ್ ಹೆಚ್ಚಾಗಿ ಕಂಡಿತ್ತು. ಆದರೆ ಇಟಲಿಯ ಸೆವೆಸೊದಲ್ಲಿ, ಕಾರ್ಖಾನೆ ಅಪಘಾತದಿಂದ ಡಯಾಕ್ಸಿನ್ ಮೈಗೆ ಸೇರಿದ ಹೆಂಗಸರಲ್ಲಿ ನೋಡಿದಾಗ ಖಚಿತವಾಗಿ ಹೇಳುವಂಥದೇನೂ ಸಿಗಲಿಲ್ಲ. ಅದೂ ಅಲ್ಲದೆ ಸೋದರತ್ತೆ ಸತ್ತದ್ದು ಆ ಕಾರ್ಖಾನೆ ಬರುವ ಮೊದಲು. ಮಲೇಬೆನ್ನೂರಿನ ಕಡೆ ಕುಡಿದದ್ದು ಬಾವಿ ನೀರು.

ಇಷ್ಟು ಹೇಳಿದ್ದಕ್ಕೆ ‘ನೀ ಮೇಷ್ಟ್ರು, ನಿನ್ನ ಹತ್ರ ಮಾತಾಡಾಕಾಗಲ್ಲ’ ಎಂದು ಫೋನಿಟ್ಟಳು. ನೀರಾದರೆ ಊರಿಗೆಲ್ಲ ಪಾಲಾಗುತ್ತದೆ, ರಕ್ತವಾದರೆ ನಮ್ಮನೆಗೇ ಅಂಟಿಕೊಳ್ಳುತ್ತದೆ. ಅವಳ ಹೆದರಿಕೆ ನನಗೆ ಅರ್ಥವಾಗದ್ದೇನಲ್ಲ.

20 ಜುಲೈ, ಭಾನುವಾರ

ಪುಟ್ಟಿಗೆ ಡೈನೋಜೆಸ್ಟ್ ಎಂಬ ಹಾರ್ಮೋನ್ ಮಾತ್ರೆ ಶುರುವಾಗಿ ಕೆಲವು ತಿಂಗಳಾಯಿತು. ಹೊಟ್ಟೆಯೊಳಗೆ ದುರ್ಬೀನು ಬಿಟ್ಟು ನೋಡಿದ ಮೇಲೆಯೇ ಔಷಧ ಎಂಬ ಹಳೆಯ ಪದ್ಧತಿ ಈಗಿಲ್ಲ. ಯುರೋಪಿನ ತಜ್ಞರ 2022ರ ಮಾರ್ಗಸೂಚಿ, ಲಕ್ಷಣ ನೋಡಿಯೇ ಚಿಕಿತ್ಸೆ ಶುರು ಮಾಡಬಹುದು ಎನ್ನುತ್ತದೆ. ನಾನು ಎರಡನೇ ಸಲ ಹೋದಾಗ ನಮ್ಮ ಮನೆಯ ಕತೆಯನ್ನೆಲ್ಲ ಪುಟ್ಟಿಯ ಒಪ್ಪಿಗೆ ಪಡೆದು ಡಾಕ್ಟರಮ್ಮನಿಗೆ ಹೇಳಿದ್ದೆ. ಕಾದು ನೋಡೋಣ ಎನ್ನುತ್ತಿದ್ದವರು ಅವತ್ತೇ ಬರೆದುಕೊಟ್ಟರು. ನಡುನಡುವೆ ಚೂರು ರಕ್ತ, ಮುಖದ ಮೇಲೆ ಮೊಡವೆ, ಸಿಡುಕು ಇವೆ. ನೋವು ಅರ್ಧಕ್ಕಿಂತ ಇಳಿದಿದೆ. ಪೂರ್ತಿ ಇಳಿಯಲಿಲ್ಲ. ಸ್ನಾಯುಗಳಿಗೆ ಫಿಸಿಯೋಥೆರಪಿಯೂ ಬೇಕೆಂದಿದ್ದಾರೆ.

ಇವತ್ತು ಪುಟ್ಟಿ ಮೊಬೈಲಿನಲ್ಲಿ ಒಂದು ಜಾಹೀರಾತು ತೋರಿಸಿದಳು. ಉಗುಳು ಕಳಿಸಿದರೆ ನಿಮ್ಮ ಕಾಯಿಲೆಗಳನ್ನೆಲ್ಲ ಜೀನಿನಿಂದ ಹೇಳುತ್ತೇವೆ ಎಂಬ ಕಂಪನಿ. ‘ಮಾಡಿಸೋಣ್ವಾ ಚಿಕ್ಕಮ್ಮ?’ ಬೇಡವೆಂದೆ. ಎಂಡೋಮೆಟ್ರಿಯೋಸಿಸ್ ಇದೆಯೋ ಇಲ್ಲವೋ ಎಂದು ಹೇಳುವ ಜೀನ್ ಪರೀಕ್ಷೆ ಇವತ್ತಿಗೆ ಪ್ರಪಂಚದಲ್ಲಿ ಎಲ್ಲೂ ಇಲ್ಲ. 5 ಪ್ರತಿಶತದ ಜ್ಞಾನವನ್ನು ಬಣ್ಣದ ಕಾಗದದಲ್ಲಿ ಸುತ್ತಿ ಸಾವಿರಾರು ರೂಪಾಯಿಗೆ ಮಾರುವುದು ವ್ಯಾಪಾರ. ಅದೂ ಬೇರೆ ನಾಡಿನ ಹೆಂಗಸರ ಅಂಕಿಯಿಂದ ನಮ್ಮ ಹೊಟ್ಟೆಯ ಭವಿಷ್ಯ!

ಸಂಶೋಧನೆಗೆ ಕೊಡುವುದಾದರೆ ಬೇರೆ ಮಾತು. ಮುಂಬೈನಲ್ಲಿ ವೈದ್ಯಕೀಯ ಸಂಶೋಧನಾ ಮಂಡಳಿಯ ಸಂತಾನ ಆರೋಗ್ಯ ಸಂಸ್ಥೆಯವರು, ಡಾ. ರಾಹುಲ್ ಗಜ್‌ಭಿಯೆ ಮುಂದಾಳತ್ವದಲ್ಲಿ, ಭಾರತದ ಹೆಂಗಸರದೇ ರಕ್ತ, ಅಂಗಾಂಶ, ನೋವಿನ ವಿವರಗಳನ್ನು ದೇಶದ ಹಲವು ಆಸ್ಪತ್ರೆಗಳಿಂದ ಕೂಡಿಹಾಕುತ್ತಿದ್ದಾರೆ. ಆಕ್ಸ್‌ಫರ್ಡ್ ಮತ್ತು ಎಡಿನ್‌ಬರೋದವರೂ ಜೊತೆಗಿದ್ದಾರೆ. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದವರು ದಕ್ಷಿಣ ಭಾರತದ ಹೆಂಗಸರಲ್ಲಿ ಒಂದೊಂದೇ ಜೀನು ಹಿಡಿದು ನೋಡಿದ್ದಾರೆ. 2021ರಲ್ಲಿ ಆಕ್ಸ್‌ಫರ್ಡಿನವರು ಮತ್ತು ಅವರ ಜೊತೆಗಾರರು ಏಳನೇ ವರ್ಣತಂತುವಿನ ಒಂದು ಜೀನನ್ನು, ಕಾಯಿಲೆ ಹಲವರಿಗಿದ್ದ ಕುಟುಂಬಗಳಲ್ಲಿ ಹುಡುಕಿ, ರೀಸಸ್ ಕೋತಿಗಳಲ್ಲೂ ತಾಳೆ ನೋಡಿದರು. ಅಂಥ ಕೆಲಸಕ್ಕೆ ಬೇಕಾದದ್ದು ನಮ್ಮಂಥ ಮನೆಗಳೇ. ನಮ್ಮಂಥ ಮನೆಗಳು ‘ಇಲ್ರೀ ಮೇಡಮ್’ ಅನ್ನುತ್ತವೆ.

8 ಸೆಪ್ಟೆಂಬರ್, ಸೋಮವಾರ, ಹರಿಹರ

ಆರೋಗ್ಯ ಮಾತೆಯ ಹಬ್ಬ. ನಿನ್ನೆ ರಾತ್ರಿ ಗ್ರಹಣ ಮುಗಿದು ಮನೆಯೆಲ್ಲ ತೊಳೆದು, ಅವ್ವ ಬೆಳಿಗ್ಗೆಯೇ ಮೇಣದ ಬತ್ತಿ ಹಿಡಿದು ಚರ್ಚಿಗೆ ಹೊರಟಳು. ಗ್ರಹಣದ ಮಡಿಯೂ ಮಾತೆಯ ಹರಕೆಯೂ ಅವಳಿಗೆ ಒಂದಕ್ಕೊಂದು ಅಡ್ಡಬರುವುದಿಲ್ಲ. ಹರಿಹರದವರಿಗೆ ಯಾರಿಗೂ ಬರುವುದಿಲ್ಲ ಅನ್ನಿ. ಸಾಲಿನಲ್ಲಿ ಕುಂಕುಮದವರು, ಬುರ್ಖಾದವರು, ಎಲ್ಲ ಇದ್ದರು. ನನ್ನ ಮುಂದಿದ್ದ ಹೆಂಗಸು ಅವ್ವನಿಗೆ ಮಗಳ ಹೊಟ್ಟೆನೋವಿನ ಕತೆ ಹೇಳುತ್ತಿದ್ದಳು, ಡಾಕ್ಟರಿಗೆ ಹೇಳುವುದಕ್ಕಿಂತ ವಿವರವಾಗಿ. ಎಷ್ಟನೇ ವಯಸ್ಸಿಗೆ, ಯಾವ ದಿನ, ಅತ್ತೆಗೂ ಇತ್ತಾ, ಎಲ್ಲ. ಅವ್ವನೂ ಸರಿಯಾದ ಪ್ರಶ್ನೆಗಳನ್ನೇ ಕೇಳುತ್ತಿದ್ದಳು: ‘ನಿಮ್ಮ ಯಜಮಾನ್ರ ಕಡೆ ಹೆಣ್ಮಕ್ಕಳಿಗೂ ಕೇಳಿ ನೋಡ್ರಿ.’

28 ಸೆಪ್ಟೆಂಬರ್, ಭಾನುವಾರ

ಸರ್ಕಾರದ ಜಾತಿ ಸಮೀಕ್ಷೆಯ ಕೆಲಸ. ದಸರೆ ರಜೆಯೆಲ್ಲ ಮನೆಮನೆ ಸುತ್ತುವುದರಲ್ಲೇ. ಆ್ಯಪು ನಿಲ್ಲುತ್ತದೆ, ಓಟಿಪಿ ಬರುವುದಿಲ್ಲ, ನಾಯಿ ಬರುತ್ತದೆ. 60 ಪ್ರಶ್ನೆ. ಜಾತಿ, ಉಪಜಾತಿ ಬರೆಸುವಾಗ ಗಂಡಸರು ಮುಂದೆ ಬರುತ್ತಾರೆ, ಮಿಕ್ಕದ್ದಕ್ಕೆ ಹೆಂಗಸರು.

ಜೊತೆಗಿದ್ದ ಸಹೋದ್ಯೋಗಿ ವೈಶ್ಯರ ಮನೆಯವಳು. ಕಳೆದ ವರ್ಷ ಅವಳಿಗೆ ಅಂಡಾಶಯದ ಗಡ್ಡೆಯ ಆಪರೇಷನ್ ಆಗಿತ್ತು. ಅರಿವಳಿಕೆ ಡಾಕ್ಟರು ‘ನೀವು ಯಾವ ಜನ?’ ಎಂದು ಕೇಳಿದರಂತೆ. ಆಸ್ಪತ್ರೆಯಲ್ಲೂ ಜಾತಿಯೇ ಎಂದು ಇವಳಿಗೆ ಸಿಟ್ಟು ಬಂದಿತ್ತು. ಕಾರಣ ನಾನು ಇವತ್ತು ಹೇಳಿದೆ. ಸಕ್ಸಿನೈಲ್‌ಕೋಲಿನ್ ಎಂಬ ಮದ್ದು ಸ್ನಾಯುಗಳನ್ನು ಕೆಲವೇ ನಿಮಿಷ ಸಡಿಲಿಸುತ್ತದೆ. ಅದನ್ನು ಕರಗಿಸುವ ಕಿಣ್ವ ವೈಶ್ಯರಲ್ಲಿ ಕೆಲವರಿಗೆ ಹುಟ್ಟಿನಿಂದ ಇರುವುದಿಲ್ಲ, ಅಂಥವರಿಗೆ ಕೊಟ್ಟರೆ ಗಂಟೆಗಟ್ಟಲೆ ಉಸಿರಾಡಲಾಗದು. ಹೈದರಾಬಾದಿನ ಸಿಸಿಎಂಬಿಯ ತಂಗರಾಜ್ ಮತ್ತು ಹಾರ್ವರ್ಡಿನ ಡೇವಿಡ್ ರೈಶ್ 2017ರಲ್ಲಿ ಇದನ್ನೇ ಉದಾಹರಣೆಯಾಗಿ ಬರೆದರು. ಕೆಲವೇ ಪೂರ್ವಿಕರಿಂದ ಹುಟ್ಟಿ, ತಲೆಮಾರುಗಟ್ಟಲೆ ಒಳಗೊಳಗೇ ಕೊಟ್ಟು ತಂದ ಸಮುದಾಯಗಳಲ್ಲಿ ಅಪರೂಪದ ಅಕ್ಷರಗಳು ಒತ್ತಾಗಿ ಉಳಿಯುತ್ತವೆ ಎಂದು.

‘ಹಂಗಾದ್ರೆ ನಿಮ್ಮನೇದೂ ಸೋದರಿಕೆ ಮದುವೆಯಿಂದ್ಲೇನಾ?’ ಎಂದಳು. ಕರ್ನಾಟಕದಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಮದುವೆ ಸಂಬಂಧದಲ್ಲೇ ಆಗುತ್ತದೆ. ಒಂದೇ ಜೀನಿನ ಎರಡು ಪ್ರತಿ ಕೂಡಿದಾಗ ಬರುವ ಕಾಯಿಲೆಗಳಿಗೆ ಅದು ನೇರ ದಾರಿ, ಈ ಕಿಣ್ವದ ಕೊರತೆ ಅಂಥದು. ನಮ್ಮದು ನೂರಾರು ಸಣ್ಣ ಅಕ್ಷರಗಳ ಕಾಯಿಲೆ, ಅಷ್ಟು ನೇರವಾಗಿ ಗಂಟುಹಾಕಲಾಗದು ಎಂದೆ. ಅಷ್ಟರಲ್ಲಿ ಮುಂದಿನ ಮನೆ ಬಂತು.

10 ಅಕ್ಟೋಬರ್, ಶುಕ್ರವಾರ

ನಿನ್ನೆ ಸಚಿವ ಸಂಪುಟ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ತಿಂಗಳಿಗೊಂದು, ವರ್ಷಕ್ಕೆ 12, ಸಂಬಳಸಹಿತ, ಖಾಸಗಿಯವರಿಗೂ. ಸಮೀಕ್ಷೆಯ ಗುಂಪಿನಲ್ಲಿ ಗಂಡು ಮೇಷ್ಟರೊಬ್ಬರು, ‘ನಮಗೂ ಒಂದು ಸೊಂಟನೋವಿನ ರಜೆ ಕೊಡ್ಲಿ’ ಎಂದು ಹಾಕಿದರು. ನಗುವ ಮುಖಗಳು ಸಾಲಾಗಿ ಬಂದವು. ನಾನೂ ಏನೋ ಬರೆದು ಅಳಿಸಿದೆ. ಆಮೇಲೆ ಮತ್ತೆ ಬರೆದೆ: ಒಂದು ದಿನದ ರಜೆ ಸಾಲದವರೂ ಇದ್ದಾರೆ, ಅಂಥವರು ಡಾಕ್ಟರಿಗೆ ತೋರಿಸಿ. ಮೂವರು ಮೇಡಮ್ಮಂದಿರು ಖಾಸಗಿಯಾಗಿ ಫೋನ್ ಮಾಡಿದರು.

ಪುಟ್ಟಿಯ ಮುಂದಿನ ಭೇಟಿ ಸೋಮವಾರ. ಹೊಸ ಡಾಕ್ಟರಿಗೆ, ಬೆಂಗಳೂರಿನಲ್ಲಿ, ಎಂಆರ್‌ಐ ಸಮೇತ ತೋರಿಸೋಣ ಎಂದು ಇಲ್ಲಿನವರೇ ಚೀಟಿ ಕೊಟ್ಟಿದ್ದಾರೆ. ಜೊತೆಗೆ ಒಯ್ಯಲು ನಾನು ಬಿಡಿಸಿದ ವಂಶವೃಕ್ಷವನ್ನು ಅವಳು ಲ್ಯಾಪ್‌ಟಾಪಿನಲ್ಲಿ ಹೊಸದಾಗಿ ಬಿಡಿಸಿದಳು. ಹೆಸರುಗಳನ್ನೆಲ್ಲ ತೆಗೆದಿದ್ದಾಳೆ. ಅಜ್ಜಿ, 36ಕ್ಕೆ ಗರ್ಭಕೋಶ ತೆಗೆದಿದ್ದು, ವರದಿ ಇಲ್ಲ, ಅರೆತಲೆನೋವು ಇತ್ತು. ಚಿಕ್ಕಮ್ಮ, 16ರಿಂದ ನೋವು. ಅಜ್ಜನ ಅಕ್ಕ, 20ರ ಆಸುಪಾಸು ಸಾವು, ಕಾರಣ ತಿಳಿಯದು. ಅಜ್ಜ ಅಜ್ಜಿ ಸೋದರಿಕೆ ಸಂಬಂಧ. ತನ್ನ ತಾಯಿಯ ಗುಂಡನ್ನು ಖಾಲಿ ಬಿಟ್ಟಿದ್ದಳು.

‘ಅಮ್ಮಂಗೂ ಇತ್ತಾ ಚಿಕ್ಕಮ್ಮ?’

ಇತ್ತು. ಒಂದೇ ಚಾಪೆಯ ಮೇಲೆ ಮಲಗಿ ಬೆಳೆದವಳು, ನನಗೆ ಗೊತ್ತಿರದೇ ಇರುತ್ತದೆಯೇ? ಆದರೆ ಅದು ನಾನು ಹೇಳುವಂಥದಲ್ಲ ಎಂದೆ. ಪುಟ್ಟಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹರಿಹರಕ್ಕೆ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿದಳು. ‘ಅಮ್ಮಾ, ಹೆಸರು ಬರೀತಿಲ್ಲ, ವಯಸ್ಸು ಹೇಳು ಸಾಕು.’

ಅಕ್ಕ ಅಡುಗೆ ಒಲೆಯ ಮೇಲಿದೆ, ಆಮೇಲೆ ಮಾಡ್ತೀನಿ ಅಂದಳು. ಸೋಮವಾರ ಬೆಳಿಗ್ಗೆ ಇಂಟರ್‌ಸಿಟಿಗೆ ಮೂರು ಟಿಕೆಟ್ ಮಾಡಿಸಿದ್ದೇನೆ. ಮೂರನೆಯದು ಅವಳದು.